ಕುಪ್ಪಂನಿಂದ ಕೆಜಿಎಫ್‌ಗೆ ಒಂದು ದಿನ: ಗಣಿಯೊಳಗೆ ಬಿಡದಿದ್ದರೆ ನೋಡಲು ಏನಿದೆ?

ಕೆಲಸದ ಮೇಲೆ ಆಂಧ್ರದ ಗಡಿಯೂರು ಕುಪ್ಪಂಗೆ ಬರುತ್ತಿದ್ದೀರಿ, ಒಂದು ದಿನ ಬಿಡುವಿದೆ, ಕೆಜಿಎಫ್ ಚಿನ್ನದ ಗಣಿಯೊಳಗೆ ಬಿಡ್ತಾರಾ ಎಂದು ಕೇಳಿದ್ದೀರಿ. ಬಿಡುವುದಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಆದರೂ ಹೋಗಿ. ಅಲ್ಲಿ ನೋಡಬೇಕಾದದ್ದು ನೆಲದ ಮೇಲೂ ಬೇಕಾದಷ್ಟಿದೆ.

ನಾನು ಕುಪ್ಪಂ ಪಕ್ಕದ ಗುಡುಪಲ್ಲೆ ಮಂಡಲದವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ತಮಿಳೂ ಸೇರಿಕೊಳ್ಳುತ್ತದೆ. ಅಪ್ಪ ಬಿಸಾನತ್ತಂ ಗಣಿಯಲ್ಲಿ ಕೆಲಸಕ್ಕಿದ್ದರು. ಕೋಲಾರದ ಚಿನ್ನದ ಬಂಡೆಯ ಪಟ್ಟಿ ಸುಮಾರು 80 ಕಿ.ಮೀ. ಉದ್ದ, ದಕ್ಷಿಣಕ್ಕೆ ನಮ್ಮ ಹೊಲಗಳ ಅಡಿಗೂ ಬಂದಿದೆ. ಕೆಜಿಎಫ್ ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಆಂಧ್ರದ ಬಿಸಾನತ್ತಂ, ಚಿಗರಗುಂಟಗಳಲ್ಲೂ ಗಣಿ ನಡೆಸಿದ್ದು ಅದಕ್ಕೇ. ಇವನ್ನು ಯಾರೂ ನೋಡಲು ಬರುವುದಿಲ್ಲ, ನನಗೆ ಅದೊಂದು ನೋವು.

ಕುಪ್ಪಂನಿಂದ ಬಂಗಾರಪೇಟೆಗೆ ರೈಲು ಹಿಡಿಯಿರಿ. ಅಲ್ಲಿಂದ ಮಾರಿಕುಪ್ಪಂಗೆ ಹೋಗುವ ಕವಲು ಹಳಿ ಗಣಿಗಾಗಿಯೇ 1894ರಲ್ಲಿ ಹಾಕಿದ್ದು. ಅದರ ಮೇಲೆ ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳಿವೆ. ಊರಿಗಾಂನಲ್ಲಿ ಇಳಿದು ಆಟೋ ಮಾಡಿಕೊಳ್ಳಿ.

ಕೆಜಿಎಫ್‌ನ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ ಕಡೆ ಹೋಗುವಾಗ ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯಂಥ ಗುಂಡಿಯ, ಕಬ್ಬಿಣದ ಗೋಪುರಗಳು ಕಾಣುತ್ತವೆ. ಅವುಗಳ ಕೆಳಗೆ ಗಣಿ 3 ಕಿ.ಮೀ.ಗೂ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಬಂಡೆಯೇ ಸುಡುತ್ತದೆ. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದೂ ಇತ್ತು. ನಮ್ಮತ್ತೆಯ ಮನೆ ಅಲ್ಲೇ ಗಣಿ ಕಾರ್ಮಿಕರ ಲೈನಿನಲ್ಲಿ. ನಡುರಾತ್ರಿ ಪಾತ್ರೆಗಳು ಅಲುಗಿದರೆ ಹೆಂಗಸರೆಲ್ಲ ಎದ್ದು ಹೊರಗೆ ಬಂದು ಶಾಫ್ಟಿನ ಕಡೆ ನೋಡುತ್ತ ನಿಲ್ಲುತ್ತಿದ್ದರಂತೆ. ಪಾಳಿ ಮುಗಿಸಿ ಯಾರು ಮೇಲೆ ಬಂದರು, ಯಾರು ಬರಲಿಲ್ಲ ಎಂದು ಲೆಕ್ಕ ಹಾಕುತ್ತ. ಆ ಗೋಪುರ ಕಂಡಾಗಲೆಲ್ಲ ನನಗೆ ಚಿನ್ನ ನೆನಪಾಗುವುದಿಲ್ಲ, ಅತ್ತೆಯ ಈ ಮಾತು ನೆನಪಾಗುತ್ತದೆ.

ಇದೇ ಗಣಿಗಾಗಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. 1965ರಲ್ಲಿ ಚಾಂಪಿಯನ್ ರೀಫ್‌ನ 2 ಕಿ.ಮೀ.ಗೂ ಹೆಚ್ಚಿನ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ, ಅಂದರೆ ಬಂಡೆಯನ್ನೂ ತೂರಿ ಹೋಗುವ ಅತಿ ಸಣ್ಣ ಕಣಗಳ, ಜಾಡು ಹಿಡಿದರು. ಉಳಿದ ಕಣಗಳನ್ನು ತಡೆಯಲು ಅಷ್ಟು ದಪ್ಪದ ಬಂಡೆಯೇ ಬೇಕಿತ್ತು. ಇಷ್ಟು ದೊಡ್ಡ ವಿಷಯ ನಮ್ಮ ಮಕ್ಕಳಿಗೆ ಗೊತ್ತಿಲ್ಲ ಎಂದರೆ ಸಂಕಟವಾಗುತ್ತದೆ.

ಇನ್ನು ಸೈನೈಡ್ ಗುಡ್ಡಗಳು. ಸಿನೆಮಾ ಬಂದ ಮೇಲೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಅವು ಬೆಟ್ಟವಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಯ ರಾಶಿ. ದೂರದಿಂದ ನೋಡಿ ಸಾಕು, ಮಕ್ಕಳನ್ನಂತೂ ಹತ್ತಿಸಲೇಬೇಡಿ. ಗಾಳಿ ಬೀಸಿದರೆ ಆ ಧೂಳು ಸುತ್ತಲಿನ ಮನೆಗಳ ಒಳಗೇ ಹೋಗುತ್ತದೆ. ಅಲ್ಲಿನವರು ಅದನ್ನು ಉಸಿರಾಡಿಕೊಂಡೇ ಬದುಕಿದ್ದಾರೆ.

ಲೈನ್ ಮನೆಗಳ ಫೋಟೋ ತೆಗೆಯುವ ಮುನ್ನ ದಯವಿಟ್ಟು ಮನೆಯವರನ್ನು ಒಂದು ಮಾತು ಕೇಳಿ. ಸಾಲಾಗಿ ಅಂಟಿಕೊಂಡ ಪುಟ್ಟ ಮನೆಗಳವು, ಬಾಗಿಲು ತೆರೆದರೆ ಅಡುಗೆಮನೆಯವರೆಗೂ ಕಾಣುತ್ತದೆ. ಟೀ ಅಂಗಡಿಯಲ್ಲಿ ವಯಸ್ಸಾದವರು ಸಿಕ್ಕರೆ ಯಾವ ಶಾಫ್ಟಿನಲ್ಲಿ ಇದ್ದಿರಿ ಎಂದು ಕೇಳಿ. ತಮಿಳು ಬಾರದಿದ್ದರೂ ಚಿಂತೆಯಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೇಲಿ ಹಾಕಿದ ಕಡೆ ಮಾತ್ರ ಕಾವಲಿನವರನ್ನು ಕೇಳದೆ ನುಗ್ಗಬೇಡಿ.

ಸಮಯ ಉಳಿದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಸ್ಥಾನವೂ ಹತ್ತಿರವೇ. ನಾನಾದರೆ ಅದರ ಬದಲು ಬೇತಮಂಗಲದ ಕೆರೆಗೆ ಹೋಗುತ್ತೇನೆ. ಗಣಿಯೂರಿಗೆ ಪಾಲಾರ್ ನದಿಯ ನೀರು ಹೋಗುತ್ತಿದ್ದುದು ಅಲ್ಲಿಂದ.

ಹಿಂದಿರುಗುವಾಗ ಪ್ಯಾಸೆಂಜರ್ ರೈಲೇ ಹಿಡಿಯಿರಿ. ಕಾಮಸಮುದ್ರ ದಾಟಿದ ಮೇಲೆ ಬಿಸಾನತ್ತಂ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಅಪ್ಪ ಬುತ್ತಿ ಹಿಡಿದು ಇಳಿಯುತ್ತಿದ್ದುದು ಅಲ್ಲೇ.