ಕಾಕರ್ ಮರಿಯ ಮೂತ್ರಪಿಂಡ

ಪ್ರಶ್ನೆ: ನಮ್ಮ ಇಂಗ್ಲಿಷ್ ಕಾಕರ್ ಸ್ಪ್ಯಾನಿಯಲ್‌ನ ಮೊದಲ ಸೂಲಿನ ಒಂದು ಮರಿ 14 ತಿಂಗಳಿಗೇ ಮೂತ್ರಪಿಂಡ ಕೆಟ್ಟು ಸತ್ತಿತು. ತಾಯಿ ಚೆನ್ನಾಗಿದೆ. ಅದೇ ಚಾಂಪಿಯನ್ ಗಂಡಿನಿಂದ ಮತ್ತೆ ಮರಿ ಹಾಕಿಸಬಹುದೇ?
– ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಬೇಡ. ಚಾಂಪಿಯನ್ ಪದಕ ಮೂತ್ರಪಿಂಡಕ್ಕೆ ಕಾಣಿಸುವುದಿಲ್ಲ! ಈ ತಳಿಯಲ್ಲಿ ಎಳೆಯ ಪ್ರಾಯದಲ್ಲೇ ಕೊಲ್ಲುವ ಆನುವಂಶಿಕ ಮೂತ್ರಪಿಂಡ ರೋಗವೊಂದಿದೆ. ನನಗೆ ಅದರದೇ ಅನುಮಾನ. ದೋಷವಿರುವ ಜೀನ್‌ನ ಒಂದೇ ಪ್ರತಿ ಹೊತ್ತ ನಾಯಿಗೆ ರೋಗ ಬರುವುದಿಲ್ಲ, ರಕ್ತಪರೀಕ್ಷೆಯಲ್ಲೂ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) ಸರಿಯಾಗಿಯೇ ಇರುತ್ತದೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಡಿಎನ್‌ಎ ಪರೀಕ್ಷೆ ಮಾಡಿಸಿ, ಗಂಡಿಗೂ. ಎರಡೂ ವಾಹಕಗಳಾದರೆ, ಅಂದರೆ ಇಂಥ ಒಂದೊಂದು ಪ್ರತಿ ಹೊತ್ತಿದ್ದರೆ, ಎರಡೂ ಕಡೆಯಿಂದ ದೋಷ ಬಂದು ರೋಗ ತಗಲುವ ಅಪಾಯ ಪ್ರತಿ ಮರಿಗೂ ಶೇ 25ರಷ್ಟು. ದೋಷವಿಲ್ಲದ ಗಂಡು ಸಿಕ್ಕರೆ ಯಾವ ಮರಿಗೂ ಈ ರೋಗ ಬಾರದು. ಮುಜುಗರವಾದರೂ, ಉಳಿದ ಮರಿಗಳನ್ನು ಒಯ್ದವರಿಗೆ ಇಂದೇ ಫೋನ್ ಮಾಡಿ. ಆ ಮರಿಗಳಿಗೂ ಡಿಎನ್‌ಎ ಪರೀಕ್ಷೆಯ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡಿಸಲಿ.