ಕೇಳಿ, ಅಳೆದು ನೋಡಿ: ಈ ಸಲ ಹೆಚ್ಚಿನವು ನೀರಿನ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳದು. ಒಬ್ಬರಿಗೊಬ್ಬರು ಹೇಳಿಕೊಂಡು ಬರೆದಂತಿಲ್ಲ, ಆದರೂ ಮುಕ್ಕಾಲು ಪಾಲು ಪ್ರಶ್ನೆಗಳು ನೀರಿನ ಸುತ್ತಲೇ ಇವೆ. ‘ಈ ಪಾಠದ ಪ್ರಶ್ನೋತ್ತರ ಬರೆದುಕೊಡಿ’ ಎಂದು ಕೇಳಿದವರ ಪತ್ರಗಳನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಆ ಕೆಲಸಕ್ಕೆ ಗೈಡುಗಳಿವೆ. ಉಳಿದವುಗಳಲ್ಲಿ ನನಗೆ ಹಿಡಿಸಿದವನ್ನು ಆರಿಸಿಕೊಂಡಿದ್ದೇನೆ. ಎಲ್ಲರಿಗೂ ಸಮನಾದ ಜಾಗ ಸಿಗಲಿಲ್ಲವೆಂದು ಯಾರೂ ಮುನಿಸಿಕೊಳ್ಳಬೇಡಿ.

ಪ್ರಶ್ನೆ: ಸ್ಟ್ರಾ ಎಷ್ಟೇ ಉದ್ದವಿದ್ದರೂ ಹೀರಿದರೆ ನೀರು ಬಾಯಿಗೆ ಬರುತ್ತದೆಯೇ? ಎತ್ತರದ ಮರದ ತುದಿಗೆ ನೀರು ಏರುವುದೂ ಹೀಗೆಯೇ? (ಎಂಟನೆಯ ತರಗತಿಯ ವಿದ್ಯಾರ್ಥಿನಿ)

ಮೊದಲನೆಯದಕ್ಕೂ ಇಲ್ಲ, ಎರಡನೆಯದಕ್ಕೂ ಇಲ್ಲ. ಆದರೆ ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಶಹಬ್ಬಾಸ್.

ಸ್ಟ್ರಾದಲ್ಲಿ ನೀನು ನೀರನ್ನು ಎಳೆಯುವುದೇ ಇಲ್ಲ. ಕೊಳವೆಯೊಳಗಿನ ಗಾಳಿಯನ್ನು ಕಡಿಮೆ ಮಾಡುತ್ತೀಯೆ, ಅಷ್ಟೆ. ಲೋಟದ ನೀರಿನ ಮೇಲೆ ಕುಳಿತಿರುವ ವಾತಾವರಣದ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಆ ತಳ್ಳುವಿಕೆಗೆ ಒಂದು ಮಿತಿಯಿದೆ. ಸಮುದ್ರಮಟ್ಟದಲ್ಲಿ ಅದು ಹೊತ್ತು ನಿಲ್ಲಿಸಬಲ್ಲದ್ದು ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಮಾತ್ರ. ಸ್ಟ್ರಾದೊಳಗಿನ ಗಾಳಿಯನ್ನೆಲ್ಲ ಯಂತ್ರದಿಂದ ತೆಗೆದರೂ ನೀರು ಅದಕ್ಕಿಂತ ಮೇಲೆ ಏರುವುದಿಲ್ಲ. 1643ರಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ನೀರಿನ ಬದಲು ಪಾದರಸವನ್ನು ಬಳಸಿ ಇದನ್ನು ಮೇಜಿನ ಮೇಲೆಯೇ ತೋರಿಸಿಕೊಟ್ಟ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ, ಆದ್ದರಿಂದ ಅದರ ಕಂಬ 76 ಸೆಂಟಿಮೀಟರಿಗೇ ನಿಂತಿತು. ಆಳದ ಕೊಳವೆಬಾವಿಗಳಲ್ಲಿ ಸಬ್‌ಮರ್ಸಿಬಲ್ ಪಂಪನ್ನು ನೀರಿನೊಳಕ್ಕೆ ಇಳಿಬಿಡುವುದೂ ಇದೇ ಕಾರಣಕ್ಕೆ. ಮೇಲೆ ಕುಳಿತು ಹೀರುವ ಪಂಪಿಗೆ ಏಳೆಂಟು ಮೀಟರ್ ದಾಟುವುದೇ ಕಷ್ಟ. ಕೆಳಗಿನಿಂದ ತಳ್ಳುವ ಪಂಪಿಗೆ ಆ ಕಟ್ಟುಪಾಡಿಲ್ಲ.

ಈಗ ಮರ. ಕ್ಯಾಲಿಫೋರ್ನಿಯಾದ ಕಾಡಿನಲ್ಲಿ ‘ಹೈಪೀರಿಯನ್’ ಎಂದು ಹೆಸರಿಟ್ಟಿರುವ ಒಂದು ರೆಡ್‌ವುಡ್ ಮರವಿದೆ. ಎತ್ತರ ಸುಮಾರು 116 ಮೀಟರ್. ವಾತಾವರಣದ ಒತ್ತಡವಂತೂ ಹತ್ತು ಮೀಟರಿನಲ್ಲೇ ಕೈಚೆಲ್ಲುತ್ತದೆ. ಉಳಿದ ಎತ್ತರಕ್ಕೆ ನೀರನ್ನು ಒಯ್ಯುವವರು ಯಾರು?

‘ಲೋಮನಾಳ ಕ್ರಿಯೆ’ (ಕೂದಲಿನಷ್ಟು ಕಿರಿದಾದ ನಾಳದಲ್ಲಿ ನೀರು ತಾನಾಗಿ ಮೇಲೇರುವುದು) ಎಂದು ಬರೆದು ಪೂರ್ಣ ಅಂಕ ಪಡೆದವರನ್ನು ನಾನು ಬಹಳ ಕಂಡಿದ್ದೇನೆ. ಲೆಕ್ಕ ಹಾಕಿದರೆ ಆ ಉತ್ತರ ನಿಲ್ಲುವುದಿಲ್ಲ. 0.05 ಮಿಲಿಮೀಟರ್ ವ್ಯಾಸದ ನಾಳದಲ್ಲಿ ನೀರು ತಾನಾಗಿ ಏರುವುದು ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ನಿನ್ನ ತೊಡೆಯವರೆಗೆ. ಬೇರಿನ ಒತ್ತಡವೆಂಬುದೂ ಒಂದಿದೆ. ಮುಂಜಾನೆ ಹುಲ್ಲಿನ ಎಲೆಗಳ ತುದಿಯಲ್ಲಿ ಸಾಲಾಗಿ ನಿಂತಿರುವ ಹನಿಗಳನ್ನು ನೋಡಿರುತ್ತೀಯೆ. ಅವೆಲ್ಲವೂ ಇಬ್ಬನಿಯಲ್ಲ, ಹಲವು ಬಾರಿ ಬೇರು ತಳ್ಳಿದ್ದರಿಂದ ಒಳಗಿನಿಂದ ಒಸರಿದ ನೀರು. ಹುಲ್ಲಿಗೆ ಅಷ್ಟು ಸಾಕು, ರೆಡ್‌ವುಡ್‌ಗೆ ಸಾಲದು.

ನಿಜವಾದ ಕೆಲಸ ನಡೆಯುವುದು ಮೇಲೆ, ಎಲೆಯಲ್ಲಿ. ಪತ್ರರಂಧ್ರಗಳ ಮೂಲಕ ನೀರು ಆವಿಯಾಗಿ ಹೋದಂತೆ ಎಲೆಯ ಜೀವಕೋಶಗಳ ಭಿತ್ತಿಯಲ್ಲಿರುವ ಅತಿ ಸೂಕ್ಷ್ಮ ಸಂದುಗಳಲ್ಲಿ ನೀರಿನ ಮೇಲ್ಮೈ ಒಳಕ್ಕೆ ಬಾಗುತ್ತದೆ, ಹಿಂದಿರುವ ನೀರನ್ನು ಎಳೆಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಆ ಎಳೆತ ನೀರು ಸಾಗಿಸುವ ಕ್ಸೈಲಮ್ ನಾಳಗಳುದ್ದಕ್ಕೂ ಬೇರಿನವರೆಗೆ ಹಗ್ಗ ಜಗ್ಗಿದಂತೆ ಇಳಿಯುತ್ತದೆ. 1894ರಲ್ಲಿ ಐರ್ಲೆಂಡಿನ ಡಬ್ಲಿನ್‌ನ ವಿಜ್ಞಾನಿಗಳಾದ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಇದನ್ನು ಮುಂದಿಟ್ಟಾಗ ನೀರನ್ನು ಎಳೆದರೆ ತುಂಡಾಗುವುದಿಲ್ಲವೇ ಎಂದು ಕೇಳಿದವರಿದ್ದರು. ಒಳ್ಳೆಯ ಅನುಮಾನವೇ. ಗಾಳಿಗುಳ್ಳೆಯಿಲ್ಲದ, ಕಿರಿದಾದ ನಾಳದಲ್ಲಿರುವ ನೀರು ವಾತಾವರಣದ ಒತ್ತಡದ ಹತ್ತಾರು ಪಟ್ಟು ಎಳೆತವನ್ನು ತಾಳಿಕೊಳ್ಳುತ್ತದೆ. ತೀರ ಒಣಗಿದ ಮಣ್ಣಿನಲ್ಲಿ ಮಾತ್ರ ಎಳೆತ ಮಿತಿಮೀರಿ ಕೆಲವು ನಾಳಗಳಲ್ಲಿ ನೀರಿನ ಕಂಬ ಕಡಿದುಹೋಗುತ್ತದೆ. ಆ ಕ್ಷಣ ಹೊರಡುವ ಟಿಕ್ ಎಂಬ ಸದ್ದನ್ನು ಸೂಕ್ಷ್ಮ ಉಪಕರಣಗಳಿಂದ ಹಿಡಿಯಬಹುದು. ಬಾಯಾರಿದ ಮರ ಸದ್ದು ಮಾಡುತ್ತದೆ ಎಂದರೆ ಕವಿತೆಯಲ್ಲ, ಭೌತಶಾಸ್ತ್ರ.

ಇದರಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಇಷ್ಟು: ನೀರು ಸಾಗಿಸುವ ಈ ನಾಳಗಳು ಸತ್ತ ಕೋಶಗಳು. ನೀರನ್ನು ಮೇಲೆತ್ತಲು ಮರ ತನ್ನ ಶಕ್ತಿಯನ್ನು ಖರ್ಚು ಮಾಡುವುದೇ ಇಲ್ಲವೆನ್ನಬಹುದು; ಖರ್ಚೆಲ್ಲ ಸೂರ್ಯನದು. ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಭಾಗ ಹೀಗೆ ಆವಿಯಾಗಿಯೇ ಹೋಗುತ್ತದೆ.

ನಂಬಬೇಡ, ಮಾಡಿ ನೋಡು. ಒಂದೇ ಗಿಡದಿಂದ ಒಂದೇ ದಪ್ಪದ ಎರಡು ರೆಂಬೆಗಳನ್ನು ಕತ್ತರಿಸು. ಒಂದರ ಎಲೆಗಳನ್ನೆಲ್ಲ ಕಿತ್ತುಹಾಕು. ಎರಡನ್ನೂ ನೀರಿರುವ ಕಿರಿದಾದ ಗಾಜಿನ ಸೀಸೆಗಳಲ್ಲಿಟ್ಟು, ನೀರಿನ ಮೇಲೆ ನಾಲ್ಕು ಹನಿ ಎಣ್ಣೆ ಬಿಡು; ಸೀಸೆಯಿಂದಲೇ ನೀರು ಆವಿಯಾಗಬಾರದಲ್ಲ, ಅದಕ್ಕೆ. ಮಟ್ಟವನ್ನು ಪೆನ್ನಿನಿಂದ ಗುರುತು ಹಾಕಿ ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ದಿನ ಇಡು. ಯಾವ ಸೀಸೆಯಲ್ಲಿ ಎಷ್ಟು ಇಳಿಯಿತು ಎಂದು ನನಗೆ ಬರೆ.

ಪ್ರಶ್ನೆ: ಜಲಚಕ್ರದ ಪಾಠದಲ್ಲಿ ಭೂಮಿಯ ನೀರು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ ಎಂದಿದೆ. ಮುಂದಿನ ಪಾಠದಲ್ಲಿ ನೀರನ್ನು ಉಳಿಸಿ ಎಂದಿದೆ. ಮುಗಿಯದ ವಸ್ತುವನ್ನು ಉಳಿಸುವುದೇಕೆ? ಇದನ್ನು ತರಗತಿಯಲ್ಲಿ ಕೇಳಿದ್ದಕ್ಕೆ ತರಲೆ ಎನ್ನಿಸಿಕೊಂಡೆ. (ಏಳನೆಯ ತರಗತಿಯ ವಿದ್ಯಾರ್ಥಿ)

ನೀನು ತರಲೆಯಲ್ಲ. ಎರಡು ಪಾಠಗಳನ್ನು ಒಟ್ಟಿಗೆ ಇಟ್ಟು ಓದಿದ ಹುಡುಗ. ಅಂಥವರು ಕಡಿಮೆ.

ಒಟ್ಟು ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ ಎನ್ನುವುದು ಸರಿ. ದ್ಯುತಿಸಂಶ್ಲೇಷಣೆಯಲ್ಲಿ ಗಿಡಗಳು ನೀರಿನ ಅಣುಗಳನ್ನು ಒಡೆಯುತ್ತವೆ, ಉಸಿರಾಟದಲ್ಲಿ ಮತ್ತೆ ನೀರು ಹುಟ್ಟುತ್ತದೆ, ಲೆಕ್ಕ ಸರಿಹೋಗುತ್ತದೆ. ಆದರೆ ನಾವು ಉಳಿಸಬೇಕಾದದ್ದು ಆ ಒಟ್ಟು ಮೊತ್ತವನ್ನಲ್ಲ. ಅದರಲ್ಲಿ ಸುಮಾರು 97.5 ಭಾಗ ಉಪ್ಪುನೀರು. ಉಳಿದ ಎರಡೂವರೆ ಭಾಗದಲ್ಲಿ ಮೂರನೆಯ ಎರಡಕ್ಕಿಂತ ಹೆಚ್ಚು ಹಿಮವಾಗಿ ಕುಳಿತಿದೆ, ಹತ್ತಿರಹತ್ತಿರ ಮೂರನೆಯ ಒಂದು ನೆಲದಡಿ ಇದೆ. ನದಿ, ಕೆರೆ, ಸರೋವರಗಳಲ್ಲಿ ಕಣ್ಣಿಗೆ ಕಾಣುವುದು ಸಿಹಿನೀರಿನಲ್ಲಿ ನೂರಕ್ಕೆ ಒಂದು ಭಾಗವೂ ಇಲ್ಲ.

ಅದಕ್ಕಿಂತ ಮುಖ್ಯವಾದದ್ದು ವೇಗ. ಪಾಠದ ಚಿತ್ರದಲ್ಲಿ ಬಾಣಗಳೆಲ್ಲ ಒಂದೇ ಉದ್ದ, ಅಲ್ಲಿಯೇ ಮೋಸ. ಆವಿಯಾಗಿ ಮೇಲೆ ಹೋದ ನೀರು ಸರಾಸರಿ ಒಂಬತ್ತು ಹತ್ತು ದಿನಗಳಲ್ಲಿ ಮಳೆಯಾಗಿಯೋ ಹಿಮವಾಗಿಯೋ ಇಳಿದುಬಿಡುತ್ತದೆ. ಆಳದ ಅಂತರ್ಜಲ ಅಲ್ಲಿಗೆ ತಲುಪಲು ನೂರಾರು, ಕೆಲವೆಡೆ ಸಾವಿರಾರು ವರ್ಷ ತೆಗೆದುಕೊಂಡಿರುತ್ತದೆ. ಅದನ್ನು ಒಂದು ತಲೆಮಾರಿನಲ್ಲಿ ಪಂಪು ಮಾಡಿ ಮೇಲೆ ಚೆಲ್ಲಿದರೆ ನೀರು ಭೂಮಿಯಿಂದ ಮಾಯವಾಗುವುದಿಲ್ಲ ನಿಜ. ಕೊನೆಗೆ ಸಮುದ್ರ ಸೇರುತ್ತದೆ. ಬಾವಿಗೆ ಮಾತ್ರ ಹಿಂದಿರುಗುವುದಿಲ್ಲ.

ಹಿಂದಿರುಗಬೇಕೆಂದರೂ ಜಾಗವಿರಬೇಕು. ನೀರು ಖಾಲಿಯಾದ ಜೇಡಿಪದರಗಳು ಮೇಲಿನ ಭಾರಕ್ಕೆ ಅದುಮಿಕೊಂಡು ಹೋಗುತ್ತವೆ, ಮತ್ತೆ ಮಳೆ ಬಂದರೂ ಉಬ್ಬುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಒಂದೆಡೆ ನೆಲ 1925ರಿಂದ 1977ರೊಳಗೆ ಸುಮಾರು 9 ಮೀಟರ್ ಕುಸಿಯಿತು. ಅಲ್ಲಿನ ಒಂದು ಪ್ರಸಿದ್ಧ ಛಾಯಾಚಿತ್ರದಲ್ಲಿ ಕಂಬದ ಪಕ್ಕ ಒಬ್ಬ ಮನುಷ್ಯ ನಿಂತಿದ್ದಾನೆ. ಹಳೆಯ ನೆಲಮಟ್ಟವನ್ನು ಸೂಚಿಸುವ ಫಲಕ ಅವನ ತಲೆಯಿಂದ ಎಷ್ಟೋ ಮೇಲೆ, ಕಂಬದ ತುದಿಯಲ್ಲಿದೆ.

ಸಮುದ್ರದ ನೀರನ್ನೇ ಸಿಹಿ ಮಾಡಿಕೊಂಡರಾಯಿತಲ್ಲ ಎಂದು ನೀನು ಕೇಳಿಯೇ ಕೇಳುತ್ತೀಯೆ. ಮಾಡಬಹುದು, ಮಾಡುತ್ತಲೂ ಇದ್ದಾರೆ. ಈಗಿನ ಒಳ್ಳೆಯ ಘಟಕಗಳಲ್ಲಿ ಸಾವಿರ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಬೇಕು. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಆಳದಿಂದ ಎತ್ತಲು ಎಷ್ಟು ಬೇಕು? ದ್ರವ್ಯರಾಶಿ ಗುಣಿಸು 9.8 ಗುಣಿಸು ಎತ್ತರ: 9.8 ಲಕ್ಷ ಜೂಲ್, ಅಂದರೆ ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಪಂಪಿನ ದಕ್ಷತೆ ಅರ್ಧ ಎಂದುಕೊಂಡರೆ ಅರ್ಧ ಯೂನಿಟ್ ದಾಟುತ್ತದೆ. ನೀರು ಉಳಿಸುವುದು ಎಂದರೆ ಬಹುಪಾಲು ಶಕ್ತಿಯನ್ನು ಉಳಿಸುವುದು. ಈ ಎರಡನ್ನು ಪಠ್ಯಪುಸ್ತಕದವರು ಬೇರೆ ಬೇರೆ ಘಟಕಗಳಲ್ಲಿ ಹಾಕಿದ್ದಾರೆ. ಅವರ ಅನುಕೂಲ ಅವರಿಗೆ.

ಪ್ರಶ್ನೆ: ಸೆಕೆಂಡಿಗೊಂದು ಹನಿ ಸೋರುವ ನಲ್ಲಿಯಿಂದ ದಿನಕ್ಕೆ ನಾಲ್ಕು ಲೀಟರ್ ಪೋಲಾಗುತ್ತದೆ ಎಂದು ಒಂದು ಪೋಸ್ಟರ್, ಇಪ್ಪತ್ತು ಲೀಟರ್ ಎಂದು ಇನ್ನೊಂದು. ಯಾವುದು ಸರಿ? (ಆರನೆಯ ತರಗತಿ)

ಎರಡನ್ನೂ ನಂಬಬೇಡ, ನಿನ್ನ ನಲ್ಲಿಯನ್ನು ಕೇಳು. ಹನಿಯ ಗಾತ್ರ ನಲ್ಲಿಯ ಬಾಯಿಯ ಅಂಚಿನ ಮೇಲೆ ನಿಂತಿದೆ. ಹತ್ತಿರದಿಂದ ನೋಡು: ಹನಿ ಮೊದಲು ಅಂಚಿಗೆ ಅಂಟಿಕೊಂಡು ಉಬ್ಬುತ್ತದೆ, ಕೆಳಗೆ ಜೋಲುತ್ತದೆ, ಕುತ್ತಿಗೆ ಸಣ್ಣದಾಗುತ್ತದೆ, ನೀರಿನ ಹೊರಮೈಯನ್ನು ಪೊರೆಯಂತೆ ಬಿಗಿದಿಡುವ ಮೇಲ್ಮೈ ಕರ್ಷಣ ಭಾರವನ್ನು ಹೊರಲಾರದ ಕ್ಷಣ ಕಳಚಿಕೊಳ್ಳುತ್ತದೆ. ಅಂಚು ಅಗಲವಾದಷ್ಟೂ ಹನಿ ದೊಡ್ಡದು. ಔಷಧದ ಡ್ರಾಪರಿನಲ್ಲಿ ಇಪ್ಪತ್ತರ ಆಸುಪಾಸು ಹನಿಗಳು ಸೇರಿ ಒಂದು ಮಿಲಿಲೀಟರ್. ಆ ಲೆಕ್ಕದಲ್ಲಿ ನಾಲ್ಕು ಲೀಟರ್ ಬಂದಿರಬೇಕು. ನಲ್ಲಿಯ ಹನಿ ಅದರ ಹಲವು ಪಟ್ಟು ದೊಡ್ಡದಿರಬಹುದು.

ನೂರು ಹನಿಗಳನ್ನು ಎಣಿಸಿ ಅಳತೆ ಜಾಡಿಯಲ್ಲಿ ಹಿಡಿ. 20 ಮಿಲಿಲೀಟರ್ ಸಿಕ್ಕಿತು ಎಂದಿಟ್ಟುಕೊ. ದಿನಕ್ಕೆ 86,400 ಸೆಕೆಂಡು, ಅಷ್ಟೇ ಹನಿಗಳು. ಒಟ್ಟು 17 ಲೀಟರಿಗೂ ಹೆಚ್ಚು. ವರ್ಷಕ್ಕೆ ಆರು ಸಾವಿರದ ಮುನ್ನೂರು ಲೀಟರ್. ಈ ಲೆಕ್ಕವನ್ನು ಮನೆಯ ಹಿರಿಯರಿಗೆ ತೋರಿಸಿದ ಮೇಲೆ ವಾಷರ್ ಬದಲಾಯಿಸಲು ಕೇಳು. ಹೆಚ್ಚಿನ ಸೋರಿಕೆಗೆ ಅಷ್ಟೇ ಮದ್ದು.

ಪ್ರಶ್ನೆ: ಅಂಚಿನವರೆಗೆ ನೀರು ತುಂಬಿದ ಲೋಟದಲ್ಲಿ ಮಂಜುಗಡ್ಡೆ ತೇಲುತ್ತಿದೆ. ಕರಗಿದರೆ ನೀರು ಚೆಲ್ಲುತ್ತದೆಯೇ? (ಎಂಟನೆಯ ತರಗತಿ)

ಚೆಲ್ಲುವುದಿಲ್ಲ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಿರುತ್ತದೆ. ಮಂಜು ಕರಗಿ ಆಗುವುದೂ ಅದೇ ತೂಕದ ನೀರು, ಮೊದಲು ಸರಿಸಿದ್ದ ಜಾಗದಲ್ಲಿ ಸರಿಯಾಗಿ ಹಿಡಿಸುತ್ತದೆ. ಮೇಲೆ ಇಣುಕುತ್ತಿದ್ದ ಭಾಗ ನೀರು ಗಟ್ಟಿಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗಿದ್ದರ ಫಲ. ಲೋಟದ ಹೊರಗೆ ಮೇಜು ಒದ್ದೆಯಾದರೆ ಅದು ಗಾಳಿಯ ತೇವ ತಣ್ಣನೆಯ ಗಾಜಿನ ಮೇಲೆ ಹನಿಗಟ್ಟಿದ್ದು. ಚೆಲ್ಲಿತೆಂದು ವಾದಕ್ಕೆ ಇಳಿಯಬೇಡ. ನೆಲದ ಮೇಲಿನ ಹಿಮ ಕರಗಿ ಸಮುದ್ರ ಸೇರುವ ಸಂಗತಿ ಬೇರೆ. ಅದು ಮೊದಲು ನೀರಿನಲ್ಲಿ ಇರಲೇ ಇಲ್ಲ, ಆದ್ದರಿಂದ ಮಟ್ಟ ಏರುತ್ತದೆ.

ಪ್ರಶ್ನೆ: ತುಂಬ ಹೊತ್ತು ನೀರಿನಲ್ಲಿದ್ದರೆ ಬೆರಳಿನ ತುದಿ ಸುಕ್ಕಾಗುವುದು ಚರ್ಮ ನೀರು ಕುಡಿದು ಉಬ್ಬುವುದರಿಂದ ಅಲ್ಲವೇ? (ಏಳನೆಯ ತರಗತಿ)

ಬಹಳ ಜನ ಹಾಗೆಯೇ ಹೇಳುತ್ತಾರೆ. ಆದರೆ ಕೈಯ ನರಕ್ಕೆ ಪೆಟ್ಟಾದವರಲ್ಲಿ ಆ ನರಕ್ಕೆ ಸೇರಿದ ಬೆರಳುಗಳು ಸುಕ್ಕಾಗುವುದಿಲ್ಲವೆಂದು ವೈದ್ಯರು 1930ರ ದಶಕದಲ್ಲೇ ಗಮನಿಸಿದ್ದರು. ಬರೀ ನೆನೆಯುವುದೇ ಕಾರಣವಾಗಿದ್ದರೆ ಆ ಬೆರಳುಗಳೂ ಸುಕ್ಕಾಗಬೇಕಿತ್ತು. ನರಗಳ ಆಜ್ಞೆಯಂತೆ ಬೆರಳ ತುದಿಯ ರಕ್ತನಾಳಗಳು ಕುಗ್ಗುತ್ತವೆ, ಒಳಗಿನ ಗಾತ್ರ ಇಳಿದು ಮೇಲಿನ ಚರ್ಮ ಮಡಿಕೆಬೀಳುತ್ತದೆ.

ಪ್ರಶ್ನೆ: ಮಲಗುವ ಕೋಣೆಯಲ್ಲಿ ಗಿಡದ ಕುಂಡ ಇಟ್ಟರೆ ರಾತ್ರಿ ಆಮ್ಲಜನಕ ಕಡಿಮೆಯಾಗಿ ಮಕ್ಕಳಿಗೆ ತೊಂದರೆಯೇ? (ತಾಯಿಯೊಬ್ಬರು)

ಖಂಡಿತ ಇಲ್ಲ. ಗಿಡ ಹಗಲಿರುಳೂ ಉಸಿರಾಡುತ್ತದೆ, ರಾತ್ರಿ ಅದರ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದೂ ನಿಜ. ಆದರೆ ಅದೇ ಕೋಣೆಯಲ್ಲಿ ಮಲಗುವ ಇನ್ನೊಬ್ಬ ಮನುಷ್ಯನ ಮುಂದೆ ಆ ಪ್ರಮಾಣ ಲೆಕ್ಕಕ್ಕೇ ಇಲ್ಲ. ಗಿಡವನ್ನು ಹೊರಗಿಡಬೇಕಾದರೆ ನ್ಯಾಯವಾಗಿ ಮೊದಲು ಯಜಮಾನರನ್ನು ಹೊರಗೆ ಮಲಗಿಸಬೇಕಾಗುತ್ತದೆ.

ಪ್ರಶ್ನೆ: ಮಳೆ ಅಳೆಯಲು ನಾನು ಬಾಟಲಿ ಇಟ್ಟೆ, ಗೆಳತಿ ಬಕೆಟ್ ಇಟ್ಟಳು. ಅಗಲವಾದ್ದರಿಂದ ತನ್ನದರಲ್ಲೇ ಸರಿಯಾದ ಅಳತೆ ಸಿಗುತ್ತದೆ ಎನ್ನುತ್ತಾಳೆ. ಯಾರು ಸರಿ? (ಆರನೆಯ ತರಗತಿ)

ಅಗಲಕ್ಕೂ ಮಿಲಿಮೀಟರಿಗೂ ಸಂಬಂಧವಿಲ್ಲ. ಬಾಯಿ ದೊಡ್ಡದಾದರೆ ಹೆಚ್ಚು ಮಳೆ ಬೀಳುತ್ತದೆ, ಹರಡಿಕೊಳ್ಳಲು ಜಾಗವೂ ಹೆಚ್ಚಿರುತ್ತದೆ. ಗೋಡೆ ನೆಟ್ಟಗಿದ್ದರೆ ಎರಡರಲ್ಲೂ ಆಳ ಒಂದೇ. ತೊಡಕಿರುವುದು ಬಕೆಟ್ಟಿನ ಆಕಾರದಲ್ಲಿ: ಬಾಯಿ ಅಗಲ, ತಳ ಕಿರಿದು. ಮೇಲೆ ಹಿಡಿದದ್ದು ಕೆಳಗೆ ಇಕ್ಕಟ್ಟಿನಲ್ಲಿ ನಿಲ್ಲುವುದರಿಂದ ನಿಜಕ್ಕಿಂತ ಹೆಚ್ಚು ಆಳ ತೋರಿಸುತ್ತದೆ. ನಿನ್ನ ಬಾಟಲಿಯೂ ಕುತ್ತಿಗೆ ಕತ್ತರಿಸದ್ದಾದರೆ ಕಡಿಮೆ ತೋರಿಸುತ್ತದೆ. ಇಬ್ಬರೂ ನೆಟ್ಟಗಿನ ಡಬ್ಬಿ ಹುಡುಕಿ, ಮರ ಗೋಡೆಗಳಿಂದ ದೂರ ಇಟ್ಟು ಸ್ಕೇಲಿನಿಂದ ಅಳೆಯಿರಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್. ನೂರು ಚದರ ಮೀಟರ್ ಚಾವಣಿಗೆ 15 ಮಿಲಿಮೀಟರ್ ಮಳೆ ಬಿದ್ದರೆ ಸಾವಿರದ ಐನೂರು ಲೀಟರ್. ಚಾವಣಿ ಹೀರಿದ್ದು, ಸಿಡಿದದ್ದು, ಧೂಳು ತೊಳೆಯಲು ಬಿಟ್ಟ ಮೊದಲ ನೀರು ಎಂದು ಐದರಲ್ಲಿ ಒಂದು ಪಾಲು ಕಳೆದರೂ ಸಾವಿರದ ಇನ್ನೂರು ತೊಟ್ಟಿಗೆ ಬರುತ್ತದೆ. ನಿಮ್ಮ ಶಾಲೆಯ ಚಾವಣಿಯ ಉದ್ದ ಅಗಲ ಅಳೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅದರ ಲೆಕ್ಕ ಹಾಕೋಣ.