ಮೈ ಮುಟ್ಟುವ ಮುಂಚಿನ ಹತ್ತು ನಿಮಿಷ

ಹೋದ ತಿಂಗಳು ಕುತ್ತಿಗೆ ನೋವಿನ ಬಗ್ಗೆ ಬರೆಯುತ್ತ, ಮಸಾಜಿಗೆ ಹೋಗುವ ಮೊದಲು ಏನೇನು ತಿಳಿದಿರಬೇಕು ಎಂಬುದನ್ನು ಇನ್ನೊಮ್ಮೆ ಹೇಳುತ್ತೇನೆ ಎಂದಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಂತು. ಅರ್ಧದಷ್ಟು ಜನ ಹೆಸರು ಹಾಕಬೇಡಿ ಎಂದಿದ್ದಾರೆ, ಯಾರದ್ದೂ ಹಾಕಿಲ್ಲ. ಹೊಸ ಓದುಗರಿಗೆ ನನ್ನ ಪರಿಚಯ: ತವರು ಕುಂದಾಪುರದ ಕಡೆ, ಮದುವೆಯಾಗಿ ಬಂದದ್ದು ಮುಂಬಯಿ ಹತ್ತಿರದ ಡೊಂಬಿವಲಿಗೆ, 19 ವರ್ಷದಿಂದ ಮಸಾಜ್ ಥೆರಪಿಸ್ಟ್. ಡಾಕ್ಟರ್ ಅಲ್ಲ. ಹಾಗಾಗಿ ಕೆಲವು ಕಡೆ ‘ಡಾಕ್ಟರಿಗೆ ತೋರಿಸಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 52 ವರ್ಷ. ವಾಶಿಯಲ್ಲಿ ಹೋಟೆಲು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ನಿಂತೇ ಕೆಲಸ, ಗಲ್ಲಾದಲ್ಲಿ ಕೂರುವುದು ಹೆಸರಿಗೆ ಮಾತ್ರ. ಎರಡೂ ಕಾಲಿನ ಮೀನಖಂಡ ಸಿಡಿಯುತ್ತದೆ, ನೀಲಿ ನರಗಳು ಹಗ್ಗದ ಹಾಗೆ ಉಬ್ಬಿವೆ. ‘ಡೀಪ್ ಟಿಶ್ಯೂ’ ಹೇಳಿ, ಗಟ್ಟಿಯಾಗಿ ಒತ್ತಿಸಿಕೊಳ್ಳಿ ಎಂದು ಗೆಳೆಯರ ಸಲಹೆ. ಹೋಗಲೇ ಅಕ್ಕಾ?

ಉತ್ತರ: ಅಣ್ಣಾ, ನಿಮ್ಮಂಥವರು ನನ್ನ ಹತ್ತಿರ ವಾರಕ್ಕೆ ನಾಲ್ಕು ಜನ ಬರುತ್ತಾರೆ. ಸಪ್ಲೈಯರು, ಕಾವಲಿ ಮುಂದೆ ನಿಲ್ಲುವ ಭಟ್ಟರು, ಗಲ್ಲಾದವರು. ನಮ್ಮೂರಿನವರಾದರೆ ಟೇಬಲ್ ಮೇಲೆ ಮಲಗುವ ಮೊದಲೇ ಆರ್ಡರ್ ಬರುತ್ತದೆ: ‘ಹ್ವಾಯ್, ಗಟ್ಟಿ ಒತ್ತಿ ಕಾಂಬ!’ ನಾನು ಒತ್ತುವುದಿಲ್ಲ. ಮೊದಲು ಕುರ್ಚಿಯಲ್ಲಿ ಕೂರಿಸಿ ಹತ್ತು ನಿಮಿಷ ಪ್ರಶ್ನೆ ಕೇಳುತ್ತೇನೆ. ಯಾವ ಮಾತ್ರೆ ತಗೊಳ್ತೀರಿ, ಆಪರೇಷನ್ ಆಗಿದೆಯಾ, ನೋವು ಒಂದು ಕಾಲಿನದ್ದಾ ಎರಡರದ್ದಾ, ಯಾವಾಗ ಹೆಚ್ಚು. ‘ಇದೇನು ಪೊಲೀಸ್ ಠಾಣೆಯಾ?’ ಎಂದವರೂ ಇದ್ದಾರೆ.

ಈ ಅಭ್ಯಾಸ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಲಿಲ್ಲ, ದಾದರಿನ ಒಂದು ಸಣ್ಣ ಕೇಂದ್ರದಲ್ಲಿದ್ದೆ. ಹೌರಾದಿಂದ ಒಂದೂವರೆ ದಿನ ರೈಲಿನಲ್ಲಿ ಕೂತು ಬಂದಿದ್ದ ಗಿರಾಕಿಯೊಬ್ಬರು ‘ಬಲಗಾಲು ಹಿಡಿದುಕೊಂಡಿದೆ, ಜೋರ್ ಸೇ ದಬಾವೋ’ ಎಂದರು. ನಾನೂ ಎಣ್ಣೆ ಹಚ್ಚಿ ಶುರು ಮಾಡಿಯೇ ಬಿಟ್ಟೆ. ಪಕ್ಕದ ಟೇಬಲ್ಲಿನಲ್ಲಿ ನಮ್ಮ ಹಿರಿಯ ದಾದಾ ಇದ್ದರು, ಕಣ್ಣು ಕಾಣುವುದಿಲ್ಲ, ಆದರೆ ಅವರ ಕೈಗೆ ತಿಳಿಯದ್ದು ಇರಲಿಲ್ಲ. ಗಿರಾಕಿ ನರಳಿದ ದನಿ ಕೇಳಿ ಬಂದರು. ಅಂಗೈ ಅಲ್ಲ, ಕೈಯ ಹಿಂಬದಿಯನ್ನು ಒಂದು ಮೀನಖಂಡದ ಮೇಲಿಟ್ಟರು, ಆಮೇಲೆ ಇನ್ನೊಂದರ ಮೇಲೆ. ‘ಥಾಂಬ್’ (ನಿಲ್ಲಿಸು) ಎಂದರು. ಬಲಗಾಲು ಬಿಸಿ ಇತ್ತು, ಎಡಗಾಲಿಗಿಂತ ದಪ್ಪವೂ ಇತ್ತು. ನನ್ನ ಎರಡು ಕಣ್ಣಿಗೆ ಅದು ಕಂಡಿರಲಿಲ್ಲ. ವಿಚಾರಿಸಿದರೆ, ಹಿಂದಿನ ತಿಂಗಳಷ್ಟೇ ಆ ಕಾಲಿನ ಪ್ಲಾಸ್ಟರ್ ಬಿಚ್ಚಿಸಿದ್ದರಂತೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಟ್ಯಾಕ್ಸಿ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆವು. ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಯಿತು. ಆ ಹೆಪ್ಪಿನ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂತರೆ ಜೀವಕ್ಕೇ ಅಪಾಯ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಆದ್ದರಿಂದ ಹೇಳುತ್ತೇನೆ: ಒಂದೇ ಕಾಲು ಊದಿದ್ದರೆ, ಬಿಸಿಯಾಗಿದ್ದರೆ, ಕೆಂಪಾಗಿದ್ದರೆ, ಅದರಲ್ಲೂ ದೂರದ ಪ್ರಯಾಣ, ಆಪರೇಷನ್, ಪ್ಲಾಸ್ಟರ್ ಅಥವಾ ಹಾಸಿಗೆ ಹಿಡಿದು ಎದ್ದ ನಂತರ ಹೀಗಾಗಿದ್ದರೆ, ಮಸಾಜ್ ಬೇಡ. ಮನೆಯಲ್ಲಿ ಎಣ್ಣೆ ಹಾಕಿ ತಿಕ್ಕುವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ.

ನಿಮ್ಮದು ಎರಡೂ ಕಾಲಿನ ನೋವು, ನರ ಉಬ್ಬಿದ್ದು ವೆರಿಕೋಸ್, ಅಂದರೆ ರಕ್ತ ನಿಂತು ಹಿಗ್ಗಿದ ರಕ್ತನಾಳ, ಇರಬಹುದು. ಅದರ ಮೇಲೆ ಡೀಪ್ ಟಿಶ್ಯೂ ಬೇಡವೇ ಬೇಡ. ಮೊದಲು ರಕ್ತನಾಳದ ಡಾಕ್ಟರಿಗೆ ತೋರಿಸಿ, ಬಿಗಿ ಕಾಲುಚೀಲ ಬೇಕೇ ಎಂದು ಅವರು ಹೇಳುತ್ತಾರೆ. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆಯೇ? ಬೀಡಿ ಸಿಗರೇಟು ಇದೆಯೇ? ಅದನ್ನೂ ಅವರಿಗೆ ಹೇಳಿ, ಅದು ಬೇರೆಯೇ ಕಾಯಿಲೆಯ ಸೂಚನೆ ಆಗಬಹುದು. ಅವರು ಒಪ್ಪಿದ ಮೇಲೆ ಸೊಂಟ, ತೊಡೆ, ಪಾದಕ್ಕೆ ಹದವಾಗಿ ಮಾಡಿಸಿಕೊಳ್ಳಿ. ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ಗಿರಾಕಿ ಕಡಿಮೆಯಲ್ಲವೇ? ಆಗ ಕಾಲೆತ್ತಿ ಇಟ್ಟು ಇಪ್ಪತ್ತು ನಿಮಿಷ ಮಲಗಿ, ಅದಕ್ಕೆ ಕಾಸೂ ಇಲ್ಲ.

ಪ್ರಶ್ನೆ: ಮಗಳು ಹುಟ್ಟುಹಬ್ಬಕ್ಕೆ ಮಸಾಜಿನ ವೋಚರ್ ಕೊಟ್ಟಿದ್ದಾಳೆ. ನನಗೆ ಹೆದರಿಕೆ. ಬಟ್ಟೆ ಎಲ್ಲ ತೆಗೆಯಬೇಕಾ? ಗಂಡಸರು ಬಂದರೆ? ಕೇಳಲು ನಾಚಿಕೆಯಾಗಿ ನಾಲ್ಕು ತಿಂಗಳಿಂದ ಪರ್ಸಿನಲ್ಲೇ ಇದೆ. (ಮುಲುಂಡ್)

ಉತ್ತರ: ಮೊದಲು ವೋಚರಿನ ತಾರೀಖು ನೋಡಿ ತಾಯಿ, ಮುಗಿದೀತು.

ಬುಕ್ ಮಾಡುವಾಗಲೇ ‘ಹೆಂಗಸು ಥೆರಪಿಸ್ಟ್ ಬೇಕು’ ಎಂದು ಹೇಳಿ. ಹಾಗೆ ಹೇಳುವುದು ಹಕ್ಕು, ಉಪಕಾರ ಕೇಳಿದ ಹಾಗಲ್ಲ. ಬಟ್ಟೆ ಎಷ್ಟು ತೆಗೆಯಬೇಕು ಎನ್ನುವುದು ನಿಮಗೆ ಬಿಟ್ಟದ್ದು. ನೀವು ಬಟ್ಟೆ ಬದಲಿಸುವಾಗ ಥೆರಪಿಸ್ಟ್ ಕೋಣೆಯ ಹೊರಗೆ ಇರಬೇಕು, ಬಾಗಿಲು ತಟ್ಟಿ ಕೇಳಿ ಒಳಗೆ ಬರಬೇಕು. ನೀವು ಶೀಟಿನ ಕೆಳಗೆ ಮಲಗಿರುತ್ತೀರಿ. ಬೆನ್ನು ಮಾಡುವಾಗ ಬೆನ್ನಷ್ಟೇ ತೆರೆದಿರುತ್ತದೆ, ಅದು ಮುಗಿದು ಮುಚ್ಚಿದ ಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಗುಪ್ತಾಂಗದ ಹತ್ತಿರ ಕೈ ಬರುವ ಮಸಾಜ್ ಎಂಬುದೇ ಇಲ್ಲ. ಹೊಟ್ಟೆ ಮುಟ್ಟುವುದು ಬೇಡ ಎನಿಸಿದರೆ ಮೊದಲೇ ಹೇಳಿ. ನನ್ನ ಹತ್ತಿರ ಬರುವ ಒಬ್ಬ ಅಜ್ಜಿ ಲಂಗ ರವಿಕೆಯಲ್ಲೇ ಮಲಗುತ್ತಾರೆ, ನಾನು ಎಣ್ಣೆ ಹಾಕದೆ ಬಟ್ಟೆಯ ಮೇಲಿಂದಲೇ ಒತ್ತಿ ಕೊಡುತ್ತೇನೆ. ಆರು ವರ್ಷದಿಂದ ಬರುತ್ತಿದ್ದಾರೆ.

ನಡುವೆ ಏನೇ ಸರಿ ಕಾಣದಿದ್ದರೂ ‘ನಿಲ್ಲಿಸಿ’ ಎಂದರೆ ಸಾಕು. ಕಾರಣ ಕೊಡಬೇಕಿಲ್ಲ. ಎದ್ದು ಬನ್ನಿ. ಕೆಟ್ಟದಾಗಿ ನಡೆದುಕೊಂಡಿದ್ದರೆ ಪೊಲೀಸರಿಗೆ ದೂರು ಕೊಡಿ.

ಈ ಮಾತು ಬಂದಾಗ ಇನ್ನೊಂದು ಬದಿಯನ್ನೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ರಾತ್ರಿ ಫೋನ್ ಮಾಡಿ ‘ಮಸಾಜ್ ಅಷ್ಟೇನಾ, ಮತ್ತೇನಾದರೂ…’ ಎಂದು ಎಳೆಯುವ ಗಂಡಸರು ಈಗಲೂ ಇದ್ದಾರೆ. ಮೊದಮೊದಲು ಅಳು ಬರುತ್ತಿತ್ತು. ಈಗ ಫೋನನ್ನು ನನ್ನ ಗಂಡನ ಕೈಗೆ ಕೊಡುತ್ತೇನೆ. ಅವರು ತಣ್ಣಗೆ ‘ಹೇಳಿ ಸರ್, ಎಲ್ಲಿ ನೋವು?’ ಎಂದು ಕೇಳುತ್ತಾರೆ.

ಪ್ರಶ್ನೆ: ಮೊದಲ ಸಲ ಮಸಾಜ್ ಮಾಡಿಸಿಕೊಂಡೆ. ಎರಡು ದಿನ ಮೈಯೆಲ್ಲ ನೋವು. ಕೇಳಿದರೆ ‘ಟಾಕ್ಸಿನ್ ಹೊರಗೆ ಬರ್ತಿದೆ, ಮೂರು ಲೀಟರ್ ನೀರು ಕುಡಿಯಿರಿ’ ಎಂದರು. ಹೌದೇ? (ಭಾಂಡುಪ್, ಸಾಫ್ಟ್‌ವೇರ್ ಕೆಲಸ)

ಉತ್ತರ: ನಮ್ಮ ಕಸುಬಿನವರೇ ಹಬ್ಬಿಸಿದ ಕತೆ ಇದು. ನನಗೆ ಕಲಿಸಿದವರೂ ಇದನ್ನೇ ಹೇಳಿಕೊಟ್ಟಿದ್ದರು, ನಾನೂ ಕೆಲವು ವರ್ಷ ಗಿಳಿಪಾಠ ಒಪ್ಪಿಸಿದ್ದೇನೆ. ಮೈಯ ಕಸ ಹೊರಹಾಕುವುದು ಪಿತ್ತಜನಕಾಂಗ ಮತ್ತು ಮೂತ್ರಪಿಂಡದ ಕೆಲಸ, ನನ್ನ ಹೆಬ್ಬೆರಳಿನದ್ದಲ್ಲ. ಬಾಯಾರಿದರೆ ನೀರು ಕುಡಿಯಿರಿ, ಅಷ್ಟೇ. ಅಭ್ಯಾಸವಿಲ್ಲದ ಸ್ನಾಯುವನ್ನು ಅದುಮಿದ್ದಕ್ಕೆ ನೋವಾಗಿದೆ, ಮೊದಲ ದಿನ ಜಿಮ್ಮಿಗೆ ಹೋದವರಿಗೆ ಆಗುವ ಹಾಗೆ. ಒಂದೆರಡು ದಿನದಲ್ಲಿ ಹೋದರೆ ಚಿಂತೆಯಿಲ್ಲ. ನೀಲಿಗಟ್ಟಿದ್ದರೆ ಒತ್ತಿದ್ದು ಜಾಸ್ತಿಯಾಯಿತು ಎಂದೇ ಅರ್ಥ. ಮೂರು ದಿನ ಕಳೆದರೂ ನೋವು ಏರುತ್ತಲೇ ಇದ್ದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಡಾಕ್ಟರಿಗೆ ತೋರಿಸಿ, ಅಪರೂಪ ಆದರೆ ಗಂಭೀರ.

ನಾನು ಗಿರಾಕಿಗಳಿಗೆ ಒಂದರಿಂದ ಹತ್ತರ ಲೆಕ್ಕ ಹೇಳುತ್ತೇನೆ. ಆರರ ಆಸುಪಾಸು ಇರಲಿ, ‘ಹಾಂ, ಅಲ್ಲೇ’ ಎನ್ನುವಂಥ ಹಿತವಾದ ನೋವು. ಉಸಿರು ಹಿಡಿಯುವ ಹಾಗಾದರೆ ಎಂಟು ದಾಟಿತು, ಆಗ ಬಾಯಿ ಬಿಟ್ಟು ಹೇಳಬೇಕು. ನಿಮ್ಮಂಥ ಹುಡುಗರು ಹಲ್ಲು ಕಚ್ಚಿ ಮಲಗಿರುತ್ತೀರಿ, ಮುಖ ಟೇಬಲ್ಲಿನ ತೂತಿನೊಳಗೆ, ನನಗೆ ಕಾಣುವುದು ತಲೆಯ ಹಿಂಬದಿ ಮಾತ್ರ.

ಪ್ರಶ್ನೆ: ಅಮ್ಮನಿಗೆ 71. ಸಕ್ಕರೆ ಕಾಯಿಲೆ 20 ವರ್ಷದಿಂದ. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ಇದೆ. ಪಾದ ಜೋಮು. ಮನೆಗೆ ಬಂದು ಬಿಸಿ ಎಣ್ಣೆ ಮಸಾಜ್ ಮಾಡುವವರು ಸಿಕ್ಕಿದ್ದಾರೆ. (ಗೋರೆಗಾಂವ್)

ಉತ್ತರ: ಬಿಸಿ ಎಣ್ಣೆಯ ಮಾತು ಕೇಳಿಯೇ ನನಗೆ ಗಾಬರಿ. ಜೋಮು ಹಿಡಿದ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ನೀವು ನೋಡುತ್ತೀರಿ. ಸಕ್ಕರೆ ಇದ್ದವರ ಪಾದದ ಗಾಯ ಬೇಗ ಮಾಯುವುದೂ ಇಲ್ಲ. ಎಣ್ಣೆಯ ಬಿಸಿಯನ್ನು ನಿಮ್ಮ ಮೊಣಕೈ ಹತ್ತಿರ ಹಾಕಿ ನೋಡಿ, ಅಮ್ಮನ ಮಾತಿನ ಮೇಲೆ ಬಿಡಬೇಡಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಸ್ವಲ್ಪ ಒತ್ತಿದರೂ ಚರ್ಮದಡಿ ನೀಲಿಗಟ್ಟುತ್ತದೆ. ಆ ವಯಸ್ಸಿಗೆ ಮೂಳೆಯೂ ಟೊಳ್ಳಾಗಿರಬಹುದು. ಹೃದಯದ ಡಾಕ್ಟರನ್ನು ಕೇಳಿ, ಒಪ್ಪಿದರೆ ಕೈ ಸವರಿದಷ್ಟೇ ಹಗುರವಾಗಿ ಮಾಡಿಸಿ. ಬರುವವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಮಾತ್ರೆಯ ಚೀಟಿಯನ್ನೇ ತೋರಿಸಿ. ಅವರು ಚೀಟಿ ನೋಡದೆ ‘ಎಲ್ಲ ಸರಿಯಾಗುತ್ತೆ’ ಎಂದರೆ ಚಹಾ ಕೊಟ್ಟು ಕಳಿಸಿಬಿಡಿ.

ಪ್ರಶ್ನೆ: ಐದು ತಿಂಗಳ ಗರ್ಭಿಣಿ, ಸೊಂಟ ನೋವು. ಮಾಡಿಸಬಹುದೇ? (ಠಾಣೆ)

ಉತ್ತರ: ನಿಮ್ಮ ಡಾಕ್ಟರ್ ಹೂಂ ಎಂದರೆ, ಬಸುರಿಯರಿಗೆ ಮಾಡಿ ಅಭ್ಯಾಸ ಇರುವವರ ಹತ್ತಿರ, ಮಗ್ಗುಲಾಗಿ ಮಲಗಿ. ಬೋರಲು ಬೇಡ, ಅಂಗಾತ ಬಹಳ ಹೊತ್ತು ಬೇಡ. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವುದು ಸುಲಭ, ಕಾಲನ್ನು ಗಟ್ಟಿಯಾಗಿ ಒತ್ತಿಸಿಕೊಳ್ಳಬೇಡಿ. ರಕ್ತಸ್ರಾವ, ಬಿಪಿ, ಮುಖ ಊತ ಇದ್ದರೆ ಮಸಾಜಿನ ಮಾತೇ ಇಲ್ಲ. ಇನ್ನೊಂದು: ಎರಡೇ ತಿಂಗಳಾಗಿದ್ದು ಮನೆಯವರಿಗೂ ಹೇಳಿಲ್ಲ ಎನ್ನುವವರು ಕೂಡ ಥೆರಪಿಸ್ಟಿಗೆ ಹೇಳಬೇಕು.

ಪ್ರಶ್ನೆ: ನನ್ನ ಅಜ್ಜಿ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಹಂಡೆ ನೀರು ಹೊಯ್ಯುತ್ತಿದ್ದಳು. ಅದನ್ನೇ ಇಲ್ಲಿ ಸಂಗೀತ ಹಾಕಿ ಎರಡು ಸಾವಿರಕ್ಕೆ ಮಾರುತ್ತೀರಲ್ಲ? (ಮಾಟುಂಗಾ, ನಿವೃತ್ತ ಬ್ಯಾಂಕ್ ನೌಕರ)

ಉತ್ತರ: ಮಾವಯ್ಯ, ಸಂಗೀತ ನನಗೂ ಇಷ್ಟವಿಲ್ಲ. ಒಂದೇ ಕೊಳಲು, ದಿನವಿಡೀ.

ನನ್ನ ಅಜ್ಜಿಯೂ ನರಕ ಚತುರ್ದಶಿಯ ಬೆಳಗಿನ ಜಾವ ನಮ್ಮನ್ನು ಸಾಲಾಗಿ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ಆ ಅಭ್ಯಂಜನ ದೊಡ್ಡದೇ. ಆದರೆ ಅಜ್ಜಿಗೆ ನಿಮ್ಮ ಮೈ ಹುಟ್ಟಿದಾಗಿನಿಂದ ಗೊತ್ತಿತ್ತು, ಜ್ವರ ಬಂದದ್ದು, ಬಿದ್ದದ್ದು ಎಲ್ಲ. ನನಗೆ ಗೊತ್ತಿಲ್ಲ, ಅದಕ್ಕೇ ಆ ಹತ್ತು ನಿಮಿಷ. ಮತ್ತೆ ಹಳಬರೂ ಯಾರಿಗೆ ಬೇಕಾದರೂ ಎಣ್ಣೆ ಹಚ್ಚಿ ಎನ್ನಲಿಲ್ಲ. ಅಭ್ಯಂಗವನ್ನು ದಿನಾ ಮಾಡಿ ಎಂದ ಆಯುರ್ವೇದದ ವಾಗ್ಭಟನೇ ಅಜೀರ್ಣವಾದವರಿಗೆ ಬೇಡ ಎಂದೂ ಹೇಳಿದ್ದಾನೆ. ಅದರಿಂದ ನೀವೂ ಪೂರಿ ಸಾಗು ಹೊಡೆದು ನೇರ ಬರಬೇಡಿ, ಊಟವಾಗಿ ಒಂದೂವರೆ ಎರಡು ತಾಸು ಬಿಡಿ. ಪೂರ್ತಿ ಉಪವಾಸವೂ ಬೇಡ, ತಲೆ ಸುತ್ತುತ್ತದೆ. ಕುಡಿದು ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ.

ಎಳ್ಳೆಣ್ಣೆ, ಬಾದಾಮಿ ಎಣ್ಣೆ ಕೆಲವರಿಗೆ ಆಗುವುದಿಲ್ಲ. ತಿಂದರೆ ಅಲರ್ಜಿ ಇರುವವರು ಹಚ್ಚುವ ಮೊದಲೂ ಹೇಳಬೇಕು. ಕಜ್ಜಿ, ಗಜಕರ್ಣ, ಜ್ವರ ಇದ್ದರೆ ವಾಸಿಯಾಗುವವರೆಗೆ ಬಿಟ್ಟುಬಿಡಿ, ನಿಮಗಷ್ಟೇ ಅಲ್ಲ, ನಿಮ್ಮ ನಂತರ ಆ ಟೇಬಲ್ ಮೇಲೆ ಮಲಗುವವರಿಗೂ ಒಳ್ಳೆಯದು.

ಇನ್ನು ಮಾರಾಟದ ವಿಷಯ. ಚೌಪಾಟಿಯ ಚಂಪಿ ಮಾಲೀಶಿನವರ ಎಣ್ಣೆ ಬಾಟಲಿಗಳ ಕಿಣಿಕಿಣಿ ನೀವು ಕೇಳಿಯೇ ಇರುತ್ತೀರಿ. ಒತ್ತು, ನಾದು ಎನ್ನುವ ಆ ಹಿಂದಿ ‘ಚಾಂಪೋ’ದಿಂದಲೇ ಇಂಗ್ಲಿಷಿನ ಶಾಂಪೂ ಹುಟ್ಟಿದ್ದು. ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ದೊರೆಗಳ ಮೈಯನ್ನೇ ನಾದಿದ. ಕಾಸು ಕೊಟ್ಟೇ ಮಾಡಿಸಿಕೊಂಡರು, ನೀವೂ ಚೌಕಾಸಿ ಮಾಡಬೇಡಿ.

ಪ್ರಶ್ನೆ: ಸ್ಲಿಪ್ ಡಿಸ್ಕ್ ಆಗಿದೆ. ಮಸಾಜಿನವರೊಬ್ಬರು ‘ಮೂರು ಸಿಟ್ಟಿಂಗಿನಲ್ಲಿ ಕೂರಿಸುತ್ತೇನೆ’ ಎಂದಿದ್ದಾರೆ. ನಂಬಲೇ? (ಕಲ್ಯಾಣ್)

ಉತ್ತರ: ಬೇಡ. ಜಾರಿದ ಡಿಸ್ಕನ್ನು ಮಸಾಜಿನಿಂದ ಯಾರೂ ಕೂರಿಸಲಾರರು. ಸುತ್ತಲ ಸ್ನಾಯುವಿನ ಬಿಗಿತ ಸ್ವಲ್ಪ ಸಡಿಲವಾದೀತು, ಅಷ್ಟೇ. ಕಾಲಿನ ಬಲ ಕುಂದಿದರೆ, ಕೂರುವ ಜಾಗದಲ್ಲಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಇಲ್ಲವೇ ಹಿಡಿತ ತಪ್ಪಿದರೆ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಫಿಸಿಯೋಥೆರಪಿ ಬೇರೆ, ಮಸಾಜ್ ಬೇರೆ. ಅವರದು ವರ್ಷಗಟ್ಟಲೆ ಓದಿದ ಪದವಿ, ಅವರನ್ನೂ ಒಳಗೊಂಡ ಕೇಂದ್ರದ ಕಾನೂನು 2021ರಲ್ಲಿ ಬಂದಿದೆ. ನಮ್ಮ ಕಸುಬಿನಲ್ಲಿ ಆರು ವಾರ ಕಲಿತವರೂ ಇದ್ದಾರೆ, ಆರು ವರ್ಷ ಕಲಿತವರೂ. ಎಲ್ಲಿ ಕಲಿತಿರಿ, ಎಷ್ಟು ವರ್ಷವಾಯಿತು ಎಂದು ಕೇಳಿ. ನಾನಂತೂ ಕೇಳಿದವರ ಮೇಲೆ ಮುನಿಸಿಕೊಂಡಿಲ್ಲ.

ಪ್ರಶ್ನೆ: ನಡುವೆ ನಿದ್ದೆ ಬಂದು ಗೊರಕೆ ಹೊಡೆದರೆ? (ಹೆಸರೂ ಇಲ್ಲ, ಊರೂ ಇಲ್ಲ)

ಉತ್ತರ: ಹೊಡೆಯಿರಿ. ಎಬ್ಬಿಸಿದಾಗ ಮಾತ್ರ ದಡಕ್ಕನೆ ಏಳಬೇಡಿ, ಬಿಪಿ ಇಳಿದಿರುತ್ತದೆ, ತಲೆ ತಿರುಗಿ ಬೀಳುತ್ತೀರಿ. ಮಗ್ಗುಲಾಗಿ, ಕೂತು, ಎರಡು ನಿಮಿಷ ಬಿಟ್ಟು ಕಾಲಿಡಿ, ಅಂಗಾಲಿನ ಎಣ್ಣೆ ಒರೆಸಿಕೊಂಡು. ಘಾಟ್ಕೋಪರಿನ ಒಬ್ಬ ದೋಸೆ ಭಟ್ಟರು ನನ್ನ ಟೇಬಲ್ ಮೇಲೆ ಮುಕ್ಕಾಲು ತಾಸು ಗೊರೆದು, ಭುಜ ತಟ್ಟಿದ ಕೂಡಲೇ ಕಣ್ಣು ಮುಚ್ಚಿಕೊಂಡೇ ಕೂಗಿದರು: ‘ಬಂತು ಬಂತು, ಎರಡು ಮೈಸೂರು ಮಸಾಲೆ!’